ಏಳು ತಿಂಗಳ ಬಾಣಂತಿ

೧೯೫೬ರಲ್ಲಿ ನಾನು ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಮಲೇರಿಯಾ ಇನ್ಸ್‌ಪೆಕ್ಟರ್ ಆಗಿದ್ದೆ. ಮೈಸೂರಿನಲ್ಲಿ ಬಿ.ಎಸ್‌ಸಿ. ಮುಗಿಸಿ ಎರಡು ವರ್ಷವಾಗಿತ್ತು. ವಯಸ್ಸು ಇಪ್ಪತ್ನಾಲ್ಕು. ಮದುವೆಯಾಗಿರಲಿಲ್ಲ. ಈ ಕೊನೆಯ ಮಾತನ್ನು ಇಲ್ಲಿ ಹೇಳುವುದಕ್ಕೆ ಕಾರಣವಿದೆ.

ಈ ಪ್ರಸಂಗವನ್ನು ನಾನು ಹಲವು ಸಲ ಬಾಯಲ್ಲಿ ಹೇಳಿದ್ದೇನೆ. ಹೇಳಿದ ಹಾಗೆಲ್ಲ ಅದರಲ್ಲಿ ನನ್ನ ಧೈರ್ಯ ಸ್ವಲ್ಪಸ್ವಲ್ಪವೇ ಹೆಚ್ಚುತ್ತಾ ಬಂದಿದೆ. ಆದ್ದರಿಂದ ಈಗ ಬರೆಯುವಾಗ ಆ ವರ್ಷದ ಡೈರಿಯನ್ನು ಎದುರಿಗಿಟ್ಟುಕೊಂಡಿದ್ದೇನೆ. ಡೈರಿಯಲ್ಲಿ ಇರುವುದು ಯಾವುದು, ಡೈರಿಯಲ್ಲಿ ಇಲ್ಲದೆ ನನಗೆ ಮಾತ್ರ ನೆನಪಿರುವುದು ಯಾವುದು ಎಂಬುದನ್ನು ಬೆರೆಸದೆ ಹೇಳಲು ಪ್ರಯತ್ನಿಸುತ್ತೇನೆ. ಊರಿನ ಹೆಸರು ಬರೆಯುವುದಿಲ್ಲ; ಹ್ಯಾಂಡ್‌ಪೋಸ್ಟ್ ಎಂಬ ಕೂಡುರಸ್ತೆಯಿಂದ ನಾಲ್ಕು ಮೈಲಿ ಎಂದರೆ ಸಾಕು. ಜನರ ಹೆಸರುಗಳನ್ನೂ ಬದಲಿಸಿದ್ದೇನೆ.

ಆಗ ಕೋಟೆ ಸೀಮೆಯಲ್ಲಿ ಚಳಿಜ್ವರ ಕಾಣದ ಮನೆ ಅಪರೂಪ. ವರ್ಷಕ್ಕೆ ಎರಡು ಸುತ್ತು ಪ್ರತಿ ಮನೆಯ ಪ್ರತಿ ಗೋಡೆಗೂ ಡಿ.ಡಿ.ಟಿ. ಹೊಡೆಸುವುದು ನನ್ನ ಕೆಲಸ. ರಕ್ತ ಕುಡಿದ ಸೊಳ್ಳೆ ಹಾರಲಾರದೆ ಹತ್ತಿರದ ಗೋಡೆಯ ಮೇಲೆ ಕೂರುತ್ತದೆ. ಗೋಡೆಯಲ್ಲಿ ಔಷಧವಿದ್ದರೆ ಅಲ್ಲೇ ಸಾಯುತ್ತದೆ. ಆದ್ದರಿಂದ ಒಂದು ಕೋಣೆ ಬಿಟ್ಟರೂ ಸೊಳ್ಳೆಗೆ ಮನೆ ಬಿಟ್ಟುಕೊಟ್ಟ ಹಾಗೆ. ಹೊಡೆಯುವ ಮೊದಲು ಪಾತ್ರೆ, ಕಂಬಳಿ, ಕಾಳಿನ ಗುಡಾಣ ಎಲ್ಲವೂ ಬೀದಿಗೆ ಬರಬೇಕು. ಮನೆಯ ಜನರೂ ಹೊರಗೆ ಬರಬೇಕು. ಮುಗಿದ ಮೇಲೆ ಬಾಗಿಲ ಪಕ್ಕದಲ್ಲಿ ತಾರೀಖು, ಒಟ್ಟು ಕೋಣೆ, ಹೊಡೆದ ಕೋಣೆ ಎಂದು ಬಣ್ಣದಲ್ಲಿ ಬರೆಯುತ್ತಿದ್ದೆವು. ಬಿಟ್ಟ ಕೋಣೆಗೆ ಕಾರಣವನ್ನು ರಿಜಿಸ್ಟರಿನ ಕೊನೆಯ ಕಾಲಂನಲ್ಲಿ ತುಂಬಬೇಕು. ನಡೆಯುತ್ತಿದ್ದ ಕಾರಣಗಳು ಮೂರೇ: ಬೀಗ, ದೇವರ ಕೋಣೆ, ಬಾಣಂತಿ. ಬಾಣಂತಿಯ ಕೋಣೆಗೆ ಹೊರಗಿನ ಗಂಡಸು ಕಾಲಿಡುವುದಿಲ್ಲ. ಅದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ನನ್ನ ಕೈಕೆಳಗೆ ಐದು ಜನ, ಎರಡು ಪಂಪು. ಮೇಸ್ತ್ರಿ ಸಿದ್ದಯ್ಯ ಹುಣಸೂರಿನ ಕಡೆಯವನು, ನನಗಿಂತ ಇಪ್ಪತ್ತು ವರ್ಷ ದೊಡ್ಡವನು, ಆರು ಮಕ್ಕಳ ತಂದೆ. ಊರುಗಳಲ್ಲಿ ನಮ್ಮನ್ನು ‘ಸೊಳ್ಳೆ ಔಸ್ದಿಯೋರು’ ಎನ್ನುತ್ತಿದ್ದರು. ಸೊಳ್ಳೆಯ ಬಗ್ಗೆ ಯಾರಿಗೂ ಅಷ್ಟು ದ್ವೇಷವಿರಲಿಲ್ಲ. ತಿಗಣೆ ಸಾಯುತ್ತದೆಂದು ಮಂಚ ಹೊತ್ತು ತಂದು ಸಾಲಾಗಿ ನಿಲ್ಲಿಸುತ್ತಿದ್ದರು. “ಸೊಳ್ಳೆ ಅತ್ಲಾಗಿರ್ಲಿ ಸಾಮಿ, ಇದ್ಕೊಂದಿಷ್ಟು ಒಡೀರಿ” ಎನ್ನುವರು.

ಮಾರ್ಚ್‌ನಲ್ಲಿ ಮೊದಲ ಸುತ್ತು. ಆ ಊರಿನ ನಂಜಪ್ಪನ ಮನೆಯಲ್ಲಿ ನಾಲ್ಕು ಕೋಣೆ; ಹೊಡೆದದ್ದು ಮೂರು. ಒಳಕೋಣೆಯ ಬಾಗಿಲಿಗೆ ಅಡ್ಡವಾಗಿ ನಂಜಪ್ಪನ ಹೆಂಡತಿ ಶಿವಮ್ಮ ನಿಂತಿದ್ದಳು.

“ನಮ್ ನಾದ್ನಿ ಬಾಣ್ತಿ ಕಣ್ರೀ. ಇದೊಂದ್ ಬುಟ್ಬುಡಿ.”

ಬಿಟ್ಟೆವು. ಕಾಲಂನಲ್ಲಿ ‘ಬಾಣಂತಿ’ ಎಂದು ಬರೆದೆ.

ಅಕ್ಟೋಬರ್‌ನಲ್ಲಿ ಎರಡನೆಯ ಸುತ್ತು. ಅದೇ ಬಾಗಿಲು, ಅದೇ ಶಿವಮ್ಮ, ಅದೇ ಮಾತು. ನಾನು ರಿಜಿಸ್ಟರಿನಲ್ಲಿ ಹಿಂದಿನ ಸುತ್ತಿನ ಪುಟ ತಿರುಗಿಸಿ ನೋಡಿದೆ. ಅಲ್ಲೂ ಬಾಣಂತಿ ಎಂದೇ ಇತ್ತು. ಎರಡೂ ತಾಳೆಯಾದವು ಎಂದು ಸಮಾಧಾನವಾಯಿತು. ಹೌದು, ಸಮಾಧಾನವೇ. ಕಾಲಂನಲ್ಲಿ ‘ಹಿಂದಿನಂತೆ’ ಎಂದು ಬರೆದು ಪಕ್ಕದ ಮನೆಗೆ ಹೋದೆ.

ಒಳಕೋಣೆಗೆ ಎತ್ತರದಲ್ಲಿ ಒಂದು ಗವಾಕ್ಷಿ ಇತ್ತು. ನಡುಮನೆಗೆ ಹೊಡೆದ ಔಷಧದ ಹನಿ ಅದರಲ್ಲಿ ಒಳಗೆ ಹೋಗಿರಬೇಕು. ಒಳಗಿನಿಂದ ಕೆಮ್ಮು ಕೇಳಿಸಿತು. ಅದನ್ನು ನಾನೇ ಕೇಳಿದೆನೆಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಆ ದಿನದ ಡೈರಿಯಲ್ಲಿ ಕೆಮ್ಮಿನ ಮಾತೇ ಇಲ್ಲ. ಮರುದಿನದ ಪುಟದಲ್ಲಿ ‘ಸಿದ್ದಯ್ಯ ಕೆಮ್ಮು ಕೇಳಿದನಂತೆ’ ಎಂದಿದೆ. ಒಂದೋ ನಾನು ಕೇಳಲಿಲ್ಲ, ಅಥವಾ ಕೇಳಿಯೂ ‘ಹಿಂದಿನಂತೆ’ ಎಂದು ಬರೆದೆ. ಯಾವುದು ನಿಜವಾಗಿದ್ದರೆ ನನಗೆ ವಾಸಿ ಎಂಬುದನ್ನು ಇನ್ನೂ ತೀರ್ಮಾನಿಸಿಲ್ಲ.

ಅಂದು ಸಂಜೆ ಹ್ಯಾಂಡ್‌ಪೋಸ್ಟ್‌ನ ಟೀ ಅಂಗಡಿಯಲ್ಲಿ ಸಿದ್ದಯ್ಯ ಲೋಟ ಕೆಳಗಿಟ್ಟು ಕೇಳಿದ: “ಸಾ, ನನ್ಗೆಷ್ಟ್ ಮಕ್ಳು?”

“ಆರು ಅಂತ ದಿನಾ ಹೇಳ್ತೀಯಲ್ಲ.”

“ಆರ್ ಬಾಣ್ತನ ನೋಡಿವ್ನಿ. ಬಾಣ್ತಿ ಕೋಣೆ ಬಾಗ್ಲಲ್ ನಿಂತ್ರೆ ಬೆಳ್ಳುಳ್ಳಿ ವಾಸ್ನೆ ಮೂಗ್ಗೆ ಒಡೀಬೇಕು. ಸಾಂಬ್ರಾಣಿ ಒಗೆ ಇರ್ಬೇಕು. ಅಗ್ಗದ್ ಮೇಲೆ ಮಗೀನ್ ಬಟ್ಟೆ ಇರ್ಬೇಕು. ಅಲ್ಲೇನಿತ್ತು?”

ನೆನಪಿಸಿಕೊಂಡೆ. ಹಗ್ಗದ ಮೇಲೆ ನಂಜಪ್ಪನ ಪಂಚೆ ಒಂದೇ ಇತ್ತು.

“ಅದಿರ್ಲಿ ಬುಡಿ. ಮಾರ್ಚಿಂದ ಲೆಕ್ಕ ಆಕಿ. ಏಳ್ ತಿಂಗ್ಳ್ ಮಗ ಅಂಬೆಗಾಲಿಕ್ಕಂಡ್ ಬಂದು ನಮ್ ಬಕೀಟ್ಗೆ ಕೈ ಆಕ್ಬೇಕಿತ್ತು ಕಣ್ ಸಾ. ನೀವು ಓದ್ದೋರು. ಏಳ್ ತಿಂಗ್ಳು ಬಾಗ್ಲಾಕ್ಕಂಡ್ ಕೂತಿರೋ ಬಾಣ್ತೀನ ಯಾವ ಬುಕ್ಕಲ್ಲಾದ್ರೂ ಓದಿದ್ದೀರಾ?”

ಉಳಿದ ನಾಲ್ವರು ನಕ್ಕರು. ಸಿದ್ದಯ್ಯ ನಗಲಿಲ್ಲ. “ಕೆಮ್ಮಿದ್ದು ವಯಸ್ಸಾದೋರು, ಸಾ” ಎಂದ. ಟೀ ಅಂಗಡಿಯವನು ಲೋಟ ತೊಳೆಯುತ್ತಲೇ ಹೇಳಿದ: “ನಂಜಪ್ಪನ ಅವ್ವ ಇರ್ಬೇಕು ಬುಡಿ. ಎಲ್ಡ್ ಕಿತ ಇಲ್ಲಿ ಬಸ್ಸು ಅತ್ತಕ್ ಬಂದಿತ್ತು. ಮಗ ಬಂದು ಎಳ್ಕಂಡೋದ.”

ಮರುದಿನ ಬೆಳಿಗ್ಗೆ ಊರಿನ ಪಟೇಲರ ಮನೆಗೆ ಹೋದೆ. ಒಳಗಿರುವ ಬಾಣಂತಿ ನಂಜಪ್ಪನ ತಂಗಿಯೇ ಎಂದು ಕೇಳಿದಾಗ ಅವರು ನಕ್ಕುಬಿಟ್ಟರು.

“ಗೌರಿನಾ? ಅವ್ಳು ಆ ಒಸ್ಲು ತುಳ್ದು ಮೂರ್ ವರ್ಸ ಆಯ್ತು. ಗಂಡ ಸತ್ಮೇಲೆ ಹಾರನಹಳ್ಳಿ ಕಡೆ ಬ್ಯಾರೆ ಜಾತಿಯೋನ್ ಜತೆ ಅವ್ಳೆ. ನಂಜಪ್ಪ ಅವ್ಳ ಎಸ್ರು ಎತ್ತಾಕಿಲ್ಲ. ಒಳಗಿರೋದು ಅವ್ನ ಅವ್ವ, ದೊಡ್ತಾಯಮ್ಮ. ಅರಳು ಮರಳು. ಓಡೋಯ್ತದೆ ಅಂತ ಕೂಡಿಕ್ಕವ್ನೆ.”

“ಯಾರಾದರೂ ನೋಡಿದ್ದೀರಾ?”

“ನೋಡೋದೇನು? ಅದು ಮನೆ ಇಚಾರ. ನೀವು ಸೊಳ್ಳೆ ನೋಡ್ಕಳಿ ಸಾಮಿ.”

ಹೀಗೆ, ಏಳು ತಿಂಗಳಿಂದ ಒಬ್ಬ ಮುದುಕಿ ಆ ಕೋಣೆಯಲ್ಲಿದ್ದಾಳೆ ಎಂಬುದು ಗೊತ್ತಾಯಿತು. ಅವಳು ಹೇಗಿದ್ದಾಳೆ, ಏನು ತಿನ್ನುತ್ತಾಳೆ, ಎಷ್ಟು ದಿನ ಉಳಿಯುತ್ತಾಳೆ ಎಂಬುದು ಗೊತ್ತಿರಲಿಲ್ಲ. ಗುರುತಿನ ಪೊಲೀಸ್ ದಫೇದಾರರೊಬ್ಬರನ್ನು ಕೇಳಿದೆ. “ದೂರು ಕೊಡೋರು ಯಾರು? ಆ ಅಜ್ಜೀನೇ ಕರ್ಕೊಂಡು ಬನ್ನಿ, ಬರ್ಕೋತೀನಿ” ಎಂದರು. ತಮಾಷೆಗೆ ಹೇಳಲಿಲ್ಲ, ಇದ್ದ ದಾರಿಯನ್ನೇ ಹೇಳಿದರು. ಮಕ್ಕಳು ತಂದೆತಾಯಿಯನ್ನು ಕೂಡಿಹಾಕಿದರೆ ಅದನ್ನು ವರದಿ ಮಾಡುವುದಕ್ಕೆ ಯಾವ ನಮೂನೆಯೂ ನನಗೆ ಗೊತ್ತಿರಲಿಲ್ಲ. ನನಗೆ ಗೊತ್ತಿದ್ದದ್ದು ನನ್ನ ರಿಜಿಸ್ಟರಿನ ಕಾಲಂ ಒಂದೇ.

ಕೊನೆಗೆ ನನ್ನ ಮೇಲಧಿಕಾರಿಗೆ ಮೂರು ಪುಟದ ಪತ್ರ ಬರೆದೆ. ಇಂಗ್ಲಿಷಿನಲ್ಲಿ, ಸಾಕಷ್ಟು ಆವೇಶದಿಂದ. ಅದರ ನಕಲು ಡೈರಿಯಲ್ಲಿದೆ. ಈಗ ಓದಿದರೆ ನಾಚಿಕೆಯಾಗುತ್ತದೆ. ನಾಗರಿಕತೆಯ ಮೇಲೆ ಒಂದಿಡೀ ಪ್ಯಾರಾ ಇದೆ. ಮುದುಕಿಯ ಹೆಸರಿಲ್ಲ.

ಒಂಬತ್ತು ದಿನ ಉತ್ತರ ಬರಲಿಲ್ಲ. ಆ ದಿನಗಳಲ್ಲಿ ನಾವು ಬೇರೆ ಊರುಗಳಲ್ಲಿದ್ದೆವು. ಯಾವ ಮನೆಗೆ ಹೋದರೂ ನಾನು ಹಗ್ಗದ ಮೇಲಿನ ಬಟ್ಟೆ ನೋಡುತ್ತಿದ್ದೆ, ಮುಚ್ಚಿದ ಬಾಗಿಲ ಹತ್ತಿರ ನಿಂತು ಮೂಸುತ್ತಿದ್ದೆ. ಒಂದು ಮನೆಯಲ್ಲಿ ನಿಜವಾದ ಬಾಣಂತಿಯ ತಾಯಿ ಗದರಿಕೊಂಡಳು: “ಏನ್ ಸಾಮಿ, ನಾಯ್ ತರ ಮೂಸ್ತೀರಿ?” ಸಿದ್ದಯ್ಯ ದಿನಕ್ಕೊಮ್ಮೆ “ಕಾಗ್ದ ಬಂತಾ ಸಾ?” ಎನ್ನುವನು. ನಾಲ್ಕು ಮೈಲಿ ನಡೆದು ಹೋಗಿ ಬಾಗಿಲು ತಟ್ಟಲು ನನಗೇನು ಅಡ್ಡಿಯಿತ್ತು? ಪತ್ರ ಬರೆದಾಗಿದೆ, ಕೆಲಸ ಮೇಲಿನವರ ಕೈಯಲ್ಲಿದೆ ಎಂಬ ಭಾವನೆಯೇ ಅಡ್ಡಿ. ಈ ಒಂಬತ್ತು ದಿನಗಳನ್ನು ನಾನು ಬಾಯಲ್ಲಿ ಕಥೆ ಹೇಳುವಾಗ ಯಾವತ್ತೂ ಬಿಟ್ಟುಬಿಡುತ್ತೇನೆ.

ಹತ್ತನೆಯ ದಿನ ಉತ್ತರ ಬಂತು. ಒಂದೇ ಸಾಲು: ಸದರಿ ಕೋಣೆಗೆ ಔಷಧ ಹೊಡೆಯಲಾಗಿದೆಯೇ, ಇಲ್ಲವಾದಲ್ಲಿ ಕೂಡಲೇ ಹೊಡೆಸಿ ವರದಿ ಮಾಡುವುದು.

ಸಿಟ್ಟಿನಿಂದ ಕಾಗದವನ್ನು ಸಿದ್ದಯ್ಯನಿಗೆ ಓದಿ ಹೇಳಿದೆ. ಅವನು ಇನ್ನೊಂದು ಸಲ ಓದಿಸಿದ. ಮತ್ತೆ ಕೇಳಿದ: “ಹೊಡೀಬೇಕಾದ್ರೆ ಒಳಗಿರೋದೆಲ್ಲ ಈಚೆಗ್ ತರ್ಬೇಕಲ್ವಾ ಸಾ? ಅದು ರೂಲಲ್ವಾ?”

ನಾವು ಹೋದದ್ದು ಬೆಳಗಿನ ಒಂಬತ್ತು ಗಂಟೆಗೆ. ನಂಜಪ್ಪ ಹೊಲಕ್ಕೆ ಹೋಗಿದ್ದ. ನಾನು ಮೊಹರಿದ್ದ ಕಾಗದವನ್ನು ಬಿಚ್ಚಿ ಶಿವಮ್ಮನಿಗೆ ತೋರಿಸಿದೆ. ಅವಳಿಗೆ ಓದು ಬರುತ್ತಿರಲಿಲ್ಲ. ಮೊಹರನ್ನು ಮಾತ್ರ ಬಹಳ ಹೊತ್ತು ನೋಡಿದಳು.

“ಒಳಗಿರೋ ಸಾಮಾನೆಲ್ಲ ಹೊರಗೆ ಬರಬೇಕು ತಾಯಿ. ಬಾಣಂತೀನೂ.”

ಅವಳು ಜಗಳವಾಡುತ್ತಾಳೆಂದು ಸಿದ್ಧನಾಗಿದ್ದೆ. ಅವಳು ಸೊಂಟದಿಂದ ಬೀಗದ ಕೈ ತೆಗೆದು ಸಿದ್ದಯ್ಯನ ಕೈಗೆ ಕೊಟ್ಟು, “ನಾನ್ ಕೊಡ್ನಿಲ್ಲ, ನೀವೇ ಕಿತ್ಕಂಡ್ರಿ ಅಂತ ಯೋಳಿ” ಎಂದಳು.

ಮೊದಲು ಒಂದು ಗುಡಾಣ ಬಂತು. ಆಮೇಲೆ ಹರಿದ ಕಂಬಳಿ, ಒಂದು ಮಡಕೆ, ಅಲ್ಯೂಮಿನಿಯಂ ತಟ್ಟೆ. ಆಮೇಲೆ ಸಿದ್ದಯ್ಯ ಒಳಗಿನಿಂದಲೇ, “ಸಾ, ಇದ್ನ ಬಿಚ್ಬೇಕು” ಎಂದ. ನನ್ನ ನೆನಪಿನಲ್ಲಿ ಅದು ಕಬ್ಬಿಣದ ಸರಪಳಿ. ಡೈರಿಯಲ್ಲಿ ‘ಎಡಗಾಲಿಗೆ ಕಣ್ಣಿ’ ಎಂದಿದೆ: ದನ ಕಟ್ಟುವ ಹಗ್ಗ. ಡೈರಿಯನ್ನೇ ನಂಬುತ್ತೇನೆ. ‘ಗಂಟಿನ ಕೆಳಗೆ ಹುಣ್ಣು. ತೋಳು ನನ್ನ ಮಣಿಕಟ್ಟಿನಷ್ಟು’ ಎಂದೂ ಇದೆ. ಗಂಟು ಬಿಚ್ಚಿದವಳು ಶಿವಮ್ಮ. ಎರಡೇ ಎಳೆತಕ್ಕೆ ಬಿಚ್ಚಿದಳು.

ಸಿದ್ದಯ್ಯ ಮುದುಕಿಯನ್ನು ಮಗುವಿನಂತೆ ಎತ್ತಿಕೊಂಡು ಬಂದು ಗುಡಾಣದ ಪಕ್ಕದಲ್ಲಿ, ಬೀದಿಯಲ್ಲಿ ಕೂರಿಸಿದ. ಬಿಸಿಲಿಗೆ ಅವಳು ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು. ಬಿಸಿಲಿಗೋ, ಜನಕ್ಕೋ. ಆ ಹೊತ್ತಿಗೆ ಬೀದಿಯ ಎರಡೂ ಕಡೆ ಜನ ಸೇರಿದ್ದರು. ಅವರೆಲ್ಲ ನೋಡಲಿ ಎಂದೇ ನಾನು ಹಗಲಲ್ಲಿ ಬಂದಿದ್ದೆ. ಪಕ್ಕದ ಮನೆಯ ಜಗಲಿ ನೆರಳಲ್ಲಿತ್ತು. ಅಲ್ಲಿ ಕೂರಿಸಬಹುದಿತ್ತು. ಮಡಕೆಗಳ ನಡುವೆ ಕೂರಿಸಿದ್ದು ನಾನು.

ಗುಂಪನ್ನು ಸೀಳಿಕೊಂಡು ಬಂದವಳು ಊರಿನ ಸೂಲಗಿತ್ತಿ ಕೆಂಪಮ್ಮ. ಮುದುಕಿಯ ಕಾಲು ನೋಡಿದಳು, ಶಿವಮ್ಮನನ್ನು ನೋಡಿದಳು, ಆಮೇಲೆ ನನ್ನ ಕಂಕುಳಲ್ಲಿದ್ದ ರಿಜಿಸ್ಟರು ನೋಡಿದಳು.

“ಈ ಮನೇಲ್ ಬಾಣ್ತಿ ಅವ್ಳೆ ಅಂತ ಬರ್ಕಂಡ್ರಂತಲ್ಲ, ಯಾರ್ನ ಕೇಳಿ ಬರ್ಕಂಡ್ರಿ ಸಾಮಿ?”

“ಮನೆಯವರು ಹೇಳಿದರು.”

“ನಾನಿಲ್ದೆ ಈ ಊರಲ್ಲಿ ಯಾವೋಳು ಎತ್ತವ್ಳೆ? ನನ್ನ ಒಂದ್ ಮಾತ್ ಕೇಳಿದ್ರೆ ನಿಮ್ ಪುಸ್ತಕ ಸವ್ದೋಗ್ತಿತ್ತಾ?”

ಸೆರಗಿನೊಳಗಿನಿಂದ ಒಂದು ಒಣಗಿದ ದನಿ ಬಂತು: “ಯಾರ್ ಕೆಂಪಿ, ಬಾಣ್ತಿ?”

“ನೀನೇ ಕಣವ್ವ. ಸರ್ಕಾರದೋರು ಬರ್ಕಂಡವ್ರೆ.”

ಸೆರಗು ಸ್ವಲ್ಪ ಸರಿಯಿತು. ಮುದುಕಿ ಕಣ್ಣು ಕಿರಿದು ಮಾಡಿ ನನ್ನನ್ನು ನೋಡಿದಳು. “ಎಪ್ಪತ್ತಕ್ಕೆ ಬಾಣ್ತಿ ಮಾಡ್ಬುಟ್ರಲ್ಲೋ ಮಗಾ. ಎಣ್ಣೆನೀರಾದ್ರೂ ಉಯ್ಸಿದ್ದೀಯಾ?”

ಯಾರೋ ನಕ್ಕರು. ಅರಳು ಮರಳಾದವರು ಇಂಥ ಮಾತಾಡುವುದಿಲ್ಲ ಎಂಬುದು ಅಲ್ಲಿದ್ದ ಎಲ್ಲರಿಗೂ ಒಟ್ಟಿಗೇ ತಿಳಿಯಿತೆಂದು ಕಾಣುತ್ತದೆ. ಪಟೇಲರು ಗುಂಪಿನ ಹಿಂದೆ ನಿಂತಿದ್ದರು. ಆಮೇಲೆ ನೋಡಿದರೆ ಇರಲಿಲ್ಲ.

ನಂಜಪ್ಪ ಹೊಲದಿಂದ ಓಡಿ ಬಂದ. ನಲವತ್ತರ ಆಸುಪಾಸಿನ ಗಟ್ಟಿ ಆಳು. ನನ್ನ ಮೇಲೆ ಕೈಮಾಡುತ್ತಾನೆಂದುಕೊಂಡೆ. ಅವನು ತಾಯಿಯನ್ನು ನೋಡಿದ ಕೂಡಲೇ ನಿಂತುಬಿಟ್ಟ. ಕತ್ತಲಲ್ಲಿ ತಟ್ಟೆ ನೂಕಿ ಬರುತ್ತಿದ್ದವನು ಬೆಳಕಿನಲ್ಲಿ ಅವಳನ್ನು ಎಷ್ಟು ದಿನದ ಮೇಲೆ ನೋಡಿದನೋ.

“ನಮ್ಮವ್ವನ್ನ ನಾನ್ ಒಡ್ದಿಲ್ಲ ಸಾಮಿ” ಎಂದ. “ಒಂದ್ ಕೈ ಮಾಡಿಲ್ಲ. ಒಬ್ಳೇ ನಡ್ಕಂಡೋಯ್ತಾಳೆ. ದಾರೀಲ್ ಆನೆ ತುಳಿದ್ರೆ ನೀವ್ ಬತ್ತೀರಾ?”

“ತುಳೀಲಿ ಬುಡು” ಎಂದಳು ಮುದುಕಿ. “ಆನೆ ಒಂದ್ಸಲ ತುಳೀತದೆ.”

ನಂಜಪ್ಪ ಅಲ್ಲೇ ಕುಕ್ಕರಿಸಿದ. ಕೆಂಪಮ್ಮ ಸುಮ್ಮನಾಗಲಿಲ್ಲ. “ಎಲ್ಲಿಗ್ ಓಯ್ತಿತ್ತು ನಿಮ್ಮವ್ವ, ಅದ್ನ ಯೋಳ್ಲಾ.” ಹೇಳಿದವಳು ಶಿವಮ್ಮ, ನೆಲ ನೋಡುತ್ತಾ: “ಗೌರೀಗೆ ದಿನ ತುಂಬಿತ್ತು. ಬಾಣ್ತನ ಮಾಡಕ್ ಓಯ್ತೀನಿ ಅಂತ ಒಂಟ್ಲು. ಇವ್ರು ಬ್ಯಾಡ ಅಂದ್ರು.”

ಹಾಗಾದರೆ ಬಾಣಂತಿ ಇದ್ದದ್ದು ನಿಜ. ನಾದಿನಿ ಬಾಣಂತಿಯಾದದ್ದೂ ನಿಜ. ಕೋಣೆ ಒಂದೇ ಸುಳ್ಳು. ಮಗಳ ಬಾಣಂತನಕ್ಕೆ ಹೊರಟ ತಾಯಿಯನ್ನು ಮಗ ಕಟ್ಟಿಹಾಕಿದ್ದ; ಆ ಬಾಗಿಲಿಗೆ ಬಾಣಂತಿಯ ಹೆಸರು ಹೇಳಿದ್ದಳು ಶಿವಮ್ಮ. ‘ಬೀಗ’ ಎಂದಿದ್ದರೆ ಸಾಕಾಗಿತ್ತು; ಬೀಗದ ಕೋಣೆಯನ್ನು ಯಾರೂ ಪ್ರಶ್ನಿಸುತ್ತಿರಲಿಲ್ಲ. ಸೂಲಗಿತ್ತಿಯನ್ನು ಒಂದು ಮಾತು ಕೇಳಿದರೆ ಬಯಲಾಗುವ ಸುಳ್ಳನ್ನೇ ಅವಳು ಆರಿಸಿಕೊಂಡದ್ದು ಏಕೆ? ಬಾಯಿಗೆ ಬಂದದ್ದು ಹೇಳಿದಳೋ, ಯಾರಾದರೂ ಹಿಡಿಯಲಿ ಎಂದು ಹೇಳಿದಳೋ? ಎರಡನೆಯದಾಗಿದ್ದರೆ, ಅವಳು ಮಾರ್ಚ್‌ನಲ್ಲೇ ನನಗೆ ದೂರು ಕೊಟ್ಟಿದ್ದಳು. ನಾನು ಅದನ್ನು ಕಾಲಂನಲ್ಲಿ ತುಂಬಿ ಮುಂದಕ್ಕೆ ಹೋದೆ.

ಮರುದಿನ ಡಿ.ಡಿ.ಟಿ. ಡ್ರಮ್ಮುಗಳನ್ನು ತರಲು ನಮ್ಮ ಜೀಪು ಹುಣಸೂರಿಗೆ ಹೋಗಬೇಕಿತ್ತು. ಮುದುಕಿಯನ್ನು ಮುಂದಿನ ಸೀಟಿನಲ್ಲಿ ಕೂರಿಸಿದೆವು. ಇದು ನಿಯಮಕ್ಕೆ ವಿರುದ್ಧ. ಆಮೇಲೆ ನನ್ನಿಂದ ಸಮಜಾಯಿಷಿ ಕೇಳಲಾಯಿತು, ಕೊಟ್ಟೆ. ಹಿಂದಿನ ರಾತ್ರಿ ಅವಳು ಕೆಂಪಮ್ಮನ ಮನೆಯಲ್ಲಿದ್ದಳು. ಕಾಲಿಗೆ ಅರಿಶಿನದ ಪಟ್ಟಿ ಕಟ್ಟಿತ್ತು. ಮಡಿಲಲ್ಲಿ ಒಂದು ಬಟ್ಟೆಯ ಗಂಟು.

“ಏನಜ್ಜಿ ಅದು?”

“ಓಮ, ಮೆಣ್ಸು. ಮಾರ್ಚಲ್ಲೇ ಕಟ್ಕಂಡಿದ್ದು, ಬಾಣ್ತೀಗೆ.”

“ಏಳ್ ತಿಂಗ್ಳಾದ್ಮೇಲೆ ಎಂತಾ ಬಾಣ್ತನ ಕಣವ್ವ” ಎಂದಳು ಜೀಪಿನ ಪಕ್ಕ ನಿಂತಿದ್ದ ಕೆಂಪಮ್ಮ.

ಮುದುಕಿ ನನ್ನ ಕಡೆ ಕೈ ತೋರಿಸಿದಳು: “ಈ ಮಗ ನನ್ನ ಏಳ್ ತಿಂಗ್ಳು ಬಾಣ್ತಿ ಅಂತ ಮಡಗಿರ್ನಿಲ್ವಾ? ನೀ ಸುಮ್ಕಿರು.”

ಈ ಗಂಟಿನ ಮಾತು ಡೈರಿಯಲ್ಲಿಲ್ಲ. ಅವಳು ‘ಮಾರ್ಚ್’ ಎಂದು ಇಂಗ್ಲಿಷ್ ತಿಂಗಳ ಹೆಸರು ಹೇಳಿರುವುದಂತೂ ಸಾಧ್ಯವಿಲ್ಲ; ಅದು ನನ್ನ ಸೇರಿಕೆ. ಗಂಟು ಇತ್ತು ಎಂದು ಮಾತ್ರ ನಂಬಿದ್ದೇನೆ. ಅದನ್ನೂ ನಾನೇ ಸೇರಿಸಿರಲಾರೆ ಎಂದುಕೊಳ್ಳುತ್ತೇನೆ.

ನಂಜಪ್ಪ ಬೀದಿಗೆ ಬರಲಿಲ್ಲ. ಶಿವಮ್ಮ ಬಂದು ಜೀಪಿನ ಹತ್ತಿರ ಒಂದು ಸೀರೆ ಇಟ್ಟು ಹೋದಳು. ಮುದುಕಿ ಅದನ್ನು ತೆಗೆದುಕೊಂಡಳು. ಹುಣಸೂರಿನಿಂದ ಪಿರಿಯಾಪಟ್ಟಣದ ಬಸ್ಸಿಗೆ ಅವಳನ್ನು ಹತ್ತಿಸಿಕೊಂಡು ಹೋದವನು ಸಿದ್ದಯ್ಯ. ಎರಡು ದಿನದ ಮೇಲೆ ಬಂದು ಹೇಳಿದ: “ಬುಟ್ ಬಂದೆ ಸಾ. ಎಣ್ಮಗ. ಹೋದ್ ತಕ್ಷಣ ಮಗೀನ ಕಾಲ್ ಮೇಲೆ ಮನಗಿಸ್ಕಂಡು ನೀರ್ ಉಯ್ಯಕ್ ಕೂತ್ಕಂತು ಅಜ್ಜಿ. ಕಾಲಲ್ ಹುಣ್ಣೈತೆ ಅಂದ್ರೂ ಕೇಳ್ನಿಲ್ಲ.”

ಆ ಕೋಣೆಗೆ ಔಷಧ ಹೊಡೆದೆವು. ಬಾಗಿಲ ಪಕ್ಕದಲ್ಲಿ ಒಟ್ಟು ನಾಲ್ಕು, ಹೊಡೆದದ್ದು ನಾಲ್ಕು ಎಂದು ತಿದ್ದಿ ಬರೆದೆವು. ಮೇಲಧಿಕಾರಿಗೆ ‘ಆದೇಶದಂತೆ ಹೊಡೆಯಲಾಗಿದೆ’ ಎಂದು ವರದಿ ಮಾಡಿದೆ. ಅದರಲ್ಲೂ ಮುದುಕಿಯ ಹೆಸರಿರಲಿಲ್ಲ. ಈ ಸಲ ಕಾಲಂ ಇರಲಿಲ್ಲ ಎಂಬ ನೆಪವೂ ಇರಲಿಲ್ಲ, ಖಾಲಿ ಹಾಳೆಯೇ ಇತ್ತು.

ಕೆಲಸ ನನಗೆ ಕಲಿಸಿದ್ದು ಏನೆಂದರೆ, ಮುಚ್ಚಿದ ಬಾಗಿಲಿನ ಕಾರಣವನ್ನು ಬಾಗಿಲು ಮುಚ್ಚಿದವರಿಂದ ಮಾತ್ರ ಕೇಳಿ ಬರೆದುಕೊಳ್ಳಬಾರದು. ಕೆಂಪಮ್ಮನಂಥವರು ಪ್ರತಿ ಊರಲ್ಲೂ ಇರುತ್ತಾರೆ, ಅವರನ್ನು ಕೇಳಬೇಕು. ಆಗುವುದಾದರೆ ಒಳಗಿರುವವರನ್ನೇ ಕೇಳಬೇಕು. ಆಮೇಲಿನ ಮೂವತ್ತು ವರ್ಷದ ನೌಕರಿಯಲ್ಲಿ ‘ಹಿಂದಿನಂತೆ’ ಎಂಬ ಪದವನ್ನು ನಾನು ಯಾವ ಕಾಗದದಲ್ಲೂ ಬರೆಯಲಿಲ್ಲ. ಕೈಕೆಳಗಿನವರು ಬರೆದಾಗ ಹೊಡೆದುಹಾಕಿದೆ. ಬೈಸಿಕೊಂಡವರು ಬಹಳ ಜನ.

ಆದರೆ ಅದಕ್ಕೆ ಮೊದಲು ಬರೆದವು ಇದ್ದವಲ್ಲ. ಆ ಅಕ್ಟೋಬರ್ ಸುತ್ತಿನ ರಿಜಿಸ್ಟರಿನಲ್ಲಿ ಹುಡುಕಿದಾಗ ಬೇರೆ ಬೇರೆ ಊರುಗಳಲ್ಲಿ ಇನ್ನೂ ಹದಿನಾಲ್ಕು ‘ಹಿಂದಿನಂತೆ’ ಸಿಕ್ಕವು, ಎಲ್ಲ ನನ್ನದೇ ಕೈಬರಹ. ಸಿದ್ದಯ್ಯನೂ ನಾನೂ ಬಿಡುವಾದಾಗ ಒಂದೊಂದೇ ಮನೆಗೆ ಹೋದೆವು. ಎಲ್ಲ ಕಡೆ ದೇವರ ಕೋಣೆ ದೇವರ ಕೋಣೆಯೇ ಆಗಿತ್ತು, ಬೀಗದ ಕೋಣೆಯಲ್ಲಿ ಹುರುಳಿ, ರಾಗಿ ಇದ್ದವು. ನಮ್ಮನ್ನು ನೋಡಿ ಜನ ನಕ್ಕರು. ಹನ್ನೊಂದು ಮನೆ ಆದಾಗ ನನಗೆ ಕೃಷ್ಣರಾಜನಗರಕ್ಕೆ ವರ್ಗವಾಯಿತು. ಉಳಿದ ಮೂರನ್ನು ನೋಡಿ ತಿಳಿಸುತ್ತೇನೆಂದು ಸಿದ್ದಯ್ಯ ಹೇಳಿದ್ದ. ಅವನು ತಿಳಿಸಿದನೋ, ನಾನು ಕೇಳಿದೆನೋ, ಡೈರಿಯಲ್ಲಿ ಏನೂ ಇಲ್ಲ. ಆ ಮೂರೂ ಮನೆಗಳ ಎದುರು ಕೊನೆಯ ಕಾಲಂನಲ್ಲಿ ಇದ್ದದ್ದು ‘ಬೀಗ, ಹಿಂದಿನಂತೆ’ ಎಂದು ಮಾತ್ರ ಡೈರಿಯಲ್ಲಿ ನಕಲು ಮಾಡಿಕೊಂಡಿದ್ದೇನೆ.